ಇಲಿಗಳಿಗೆ ಕೊಟ್ಟ ಮಾತು

ನಮ್ಮ ಊರಿನ ಇಲಿಗಳಿಗೆ ಮಾತು ತಿಳಿಯುತ್ತದೆ. ಓದಲು ಬರುವುದಿಲ್ಲ. ಊರಿನ ರೀತಿ ರಿವಾಜು ಬಹುಮಟ್ಟಿಗೆ ಈ ಎರಡು ಸಂಗತಿಗಳ ಮೇಲೆ ನಿಂತಿದೆ. ಬೋನು ಬೇಕಾದವರು ಕಬ್ಬಿಣದ ಅಂಗಡಿಗೆ ಹೋಗಿ ಬಾಯಿ ಬಿಡುವುದಿಲ್ಲ, ಎಡಗಿವಿ ಹಿಡಿದುಕೊಂಡು ನಿಲ್ಲುತ್ತಾರೆ. ಅಂಗಡಿಯವನು ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ವಿಷ ಬೇಕಾದವರು ಚೀಟಿ ಬರೆದು ಕೊಡುತ್ತಾರೆ. ಬೇರೆ ಊರಿನಿಂದ ಬಂದ ಸೊಸೆಯಂದಿರಿಗೆ ಅತ್ತೆಯಂದಿರು ಮೊದಲು ಕಲಿಸುವುದು ಅಡುಗೆಯನ್ನಲ್ಲ, ಅಡುಗೆಮನೆಯಲ್ಲಿ ಏನನ್ನು ಹೇಳಬಾರದು ಎಂಬುದನ್ನು.

ಹೇಳಬಾರದ್ದು ಒಂದು ಪಾಲಾದರೆ ಹೇಳಬೇಕಾದ ಸುಳ್ಳು ನಾಲ್ಕು ಪಾಲು. ದೀಪ ಹಚ್ಚುವ ಹೊತ್ತಿಗೆ ನಮ್ಮ ಅವ್ವ ಅಡುಗೆಮನೆಯ ನಡುವೆ ನಿಂತು, ಸೂರಿನ ಕಡೆ ಮುಖ ಮಾಡಿ ಗಟ್ಟಿಯಾಗಿ ಹೇಳುತ್ತಿದ್ದಳು: "ರೊಟ್ಟಿ ಬುಟ್ಟಿ ಪಡಸಾಲ್ಯಾಗ ಇಟ್ಟೀನಿ. ಅಡಗಿಮನ್ಯಾಗ ಏನೂ ಇಲ್ಲ. ಬೆಕ್ಕು ಬಾಗಲದಾಗ ಕುಂತೈತಿ." ಬುಟ್ಟಿ ಅವಳ ತಲೆಯ ಮೇಲೆ ನೆಲುವಿನಲ್ಲೇ ತೂಗುತ್ತಿತ್ತು. ಬೆಕ್ಕನ್ನು ನಾವು ಸಾಕಿರಲೇ ಇಲ್ಲ. ಅದೇ ಹೊತ್ತಿಗೆ ಎದುರು ಮನೆಯಿಂದ, ಹಿತ್ತಲಾಚೆಯ ಮನೆಯಿಂದ ಇಂಥವೇ ಮಾತು ಕೇಳುತ್ತಿದ್ದವು. ಬೇರೆ ಊರುಗಳಲ್ಲಿ ಆ ಹೊತ್ತಿಗೆ ಭಜನೆ ನಡೆಯುತ್ತದೆ.

ಇಲಿಗಳು ಎಷ್ಟು ತಲೆಮಾರು ಮೋಸಹೋದವೋ ಗೊತ್ತಿಲ್ಲ. ನಾನು ಹುಟ್ಟುವ ಹೊತ್ತಿಗೆ ಅವು ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ ನಡೆಯುವುದನ್ನು ಕಲಿತಿದ್ದವು. ಅದನ್ನು ತಿಳಿದ ಜನ ನಡುನಡುವೆ ನಿಜವನ್ನೇ ಸುಳ್ಳಿನ ದನಿಯಲ್ಲಿ ಹೇಳತೊಡಗಿದರು. ಅವ್ವ ಹೇಳಿದ್ದು ಸುಳ್ಳೋ, ಸುಳ್ಳಿನಂಥ ಖರೆಯೋ ತಿಳಿಯದೆ ಅಪ್ಪ ಒಮ್ಮೆ ರೊಟ್ಟಿ ಹುಡುಕಿ ಸಾಕಾಗಿ ಉಪವಾಸ ಮಲಗಿದ್ದ. ಇಲಿಗಳಿಗೂ ಸಾಕಾಯಿತು. ಅವು ಕಿವಿಗೊಡುವುದನ್ನೇ ಬಿಟ್ಟು, ಸಿಕ್ಕಿದ್ದನ್ನೆಲ್ಲ ತಿನ್ನತೊಡಗಿದವು. "ಆ ಊರಾವ್ರ ಮಾತು ಇಲೀನೂ ನಂಬೂದಿಲ್ಲ" ಎಂಬುದು ಸುತ್ತಲ ಹಳ್ಳಿಗಳಲ್ಲಿ ಗಾದೆಯಾಯಿತು. ನಮ್ಮಲ್ಲಿಗೆ ಹೆಣ್ಣು ಕೊಡುವವರು ಎರಡು ಸಲ ವಿಚಾರಿಸುತ್ತಿದ್ದರು.

ನಾನು ಜಿಲ್ಲಾ ಪತ್ರಿಕೆಗೆ ಸುದ್ದಿ ಬರೆಯುವವನು. ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಇಬ್ಬರ ಬಳಿ ಕೇಳಿ ಬರೆಯುತ್ತೇನೆ. ನಿಜ ಬೇಕಾದರೆ ಓದಿಯೇ ತಿಳಿಯಬೇಕಾದ ಊರಾದ್ದರಿಂದ ಪತ್ರಿಕೆ ಇಲ್ಲಿ ಚೆನ್ನಾಗಿ ಖರ್ಚಾಗುತ್ತದೆ.

ಊರಿಗೆ ಕಾಲುವೆ ನೀರು ಬಂದ ಮೇಲೆ ಭತ್ತ ಬಂತು, ಭತ್ತದ ಹಿಂದೆ ಅಕ್ಕಿ ಗಿರಣಿಗಳು, ಗಂಜ್ ಎಂದು ಕರೆಯುವ ಧಾನ್ಯದ ಮಾರುಕಟ್ಟೆಯ ಸುತ್ತ ಸಾಲು ಗೋದಾಮುಗಳು ಬಂದವು. ಸುಗ್ಗಿಯಲ್ಲಿ ತುಂಬಿಟ್ಟ ಚೀಲ ಯುಗಾದಿಗೆ ಎತ್ತಿದರೆ ತಳ ಉದುರುತ್ತಿತ್ತು. ಗಿರಣಿ ಮಾಲೀಕರು ರಾಜಧಾನಿಗೆ ಅರ್ಜಿಯ ಮೇಲೆ ಅರ್ಜಿ ಹಾಕಿದರು. ಕೊನೆಗೆ ಸರ್ಕಾರ "ದಂಶಕ ಹಾಗೂ ಇತರ ಪೀಡಕ ಪ್ರಾಣಿಗಳ ನಿಯಂತ್ರಣ ಸಂಶೋಧನಾ ಯೋಜನೆ"ಗೆ ಅನುದಾನ ಮಂಜೂರು ಮಾಡಿ, ಗಂಜಿನ ಹಳೆಯ ತೂಕದ ಕೋಣೆಯಲ್ಲಿ ಒಂದು ಘಟಕ ತೆರೆಯಿತು.

ಮೊದಲು ಬಂದ ವಿಜ್ಞಾನಿ ಉದ್ಘಾಟನೆಗೆ ಮಂತ್ರಿಗಳನ್ನು ಕರೆಸಿದ. ಮಂತ್ರಿಗಳು ಯಾವ ಗೋದಾಮಿನಲ್ಲಿ ಯಾವ ದಿನ ಯಾವ ವಿಷ ಎಂಬುದನ್ನು ಮೈಕಿನಲ್ಲಿ ವಿವರವಾಗಿ ಹೇಳಿ, ಚಪ್ಪಾಳೆ ತಟ್ಟಿಸಿಕೊಂಡು ಹೋದರು. ಮಂತ್ರಿ ಹೊರಗಿನವರಲ್ಲವೇ, ಇಲಿಗಳು ನಂಬಿದವು. ಆ ವಾರ ಗೋದಾಮು ಬಿಟ್ಟು ಮನೆಗಳಿಗೆ ನುಗ್ಗಿದವು. ಎರಡನೆಯವನು ಜಾಣ. ವರ್ಷವಿಡೀ ತುಟಿ ಬಿಚ್ಚದೆ ಎಲ್ಲವನ್ನೂ ಬರವಣಿಗೆಯಲ್ಲೇ ನಡೆಸಿದ. ವಿಷ ಇಡುವ ಹಿಂದಿನ ದಿನ ಲೆಕ್ಕ ತಪಾಸಣೆಗೆ ಬಂದ ಅಧಿಕಾರಿ ಕನ್ನಡಕ ಏರಿಸಿಕೊಂಡು, ವಿಷ ಇಡುವ ಜಾಗಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿಕೊಂಡ.

ಮೂರನೆಯವರಾಗಿ ಬಂದವರು ಡಾ. ನೀಲಗಂಗಾ ಕುಕನೂರ. ನಲವತ್ತರ ಆಚೆಈಚೆಯ, ಸಣ್ಣ ಮೈಕಟ್ಟಿನ ಹೆಂಗಸು. ಬಂದ ಹೊಸದರಲ್ಲಿ ಬೋನು, ವಿಷ ಯಾವುದರ ಗೊಡವೆಗೂ ಹೋಗಲಿಲ್ಲ. ಸಂಜೆ ಸಂಜೆ ಓಣಿಗಳಲ್ಲಿ ತಿರುಗಾಡಿ ಮನೆಮನೆಯ ಸುಳ್ಳುಗಳನ್ನು ಕೇಳಿಸಿಕೊಂಡರು. ನಮ್ಮ ಮನೆಯ ಮುಂದೆಯೂ ನಿಂತಿದ್ದರು. ಅವ್ವನ ಬೆಕ್ಕಿನ ಮಾತು ಮುಗಿದ ಮೇಲೆ ಒಳಗೆ ಇಣುಕಿ, "ಯವ್ವಾ, ಇದನ್ನ ಎಷ್ಟು ವರ್ಷದಿಂದ ಹೇಳಾಕತ್ತೀರಿ?" ಎಂದು ಕೇಳಿದರು. "ನಮ್ಮತ್ತಿ ಕಾಲದಿಂದ," ಎಂದಳು ಅವ್ವ. "ರೊಟ್ಟಿ ಉಳದಾವೇನು?" ಅವ್ವ ಒಲೆಯ ಕಡೆ ತಿರುಗಿದಳು.

ಕೆಲವು ದಿನಗಳ ಮೇಲೆ ಒಂದು ಸಂಜೆ ನೀಲಗಂಗಾ ಗಂಜಿನ ನಡುವಿನ ಕಟ್ಟೆ ಹತ್ತಿದರು. ಹಮಾಲರು, ಗಿರಣಿಯವರು, ಚಹಾದಂಗಡಿಯವರು ನೋಡುತ್ತಿದ್ದರು. ಗೋದಾಮುಗಳ ಕಡೆ ತಿರುಗಿ ಅವರು ಪಕ್ಕದ ಮನೆಯವರೊಂದಿಗೆ ಮಾತಾಡುವ ದನಿಯಲ್ಲಿ ಹೇಳಿದರು: "ನನ್ನ ಹೆಸರು ನೀಲಗಂಗಾ. ನಿಮ್ಮನ್ನ ಕಡಿಮಿ ಮಾಡಾಕಂತ ಸರ್ಕಾರ ನನ್ನ ಕಳಿಸೇತಿ. ಇವತ್ತು ಎರಡನೇ ಗೋದಾಮಿನ ಬಾಗಲ ಬಾಜೂಕ ಬೋನು ಇಡ್ತೀನಿ. ಒಳಗ ಕೊಬ್ಬರಿ ಐತಿ. ಮುಟ್ಟಿದ್ರ ಸಿಗಬೀಳ್ತೀರಿ. ಉಳಿದ ಕಡೆ ಇವತ್ತು ಏನೂ ಇಲ್ಲ."

ಗಂಜ್ ಬಿದ್ದು ಬಿದ್ದು ನಕ್ಕಿತು. "ಕಳ್ಳರಿಗೆ ಲಗ್ನಪತ್ರಿಕಿ ಕೊಟ್ಟಂಗಾತು ನೋಡು," ಎಂದ ಒಬ್ಬ ಹಮಾಲ. ನೀಲಗಂಗಾ ಇಳಿದುಹೋಗಿ, ಹೇಳಿದ ಜಾಗದಲ್ಲೇ ಹೇಳಿದ ಹಾಗೇ ಬೋನು ಇಟ್ಟರು. ಒಂದು ಇಲಿಯೂ ಬೀಳಲಿಲ್ಲ. ಮರುದಿನ ಮತ್ತೆ ಕಟ್ಟೆ ಹತ್ತಿ ಬೇರೆ ಜಾಗ ಹೇಳಿದರು, ಅಲ್ಲೇ ಇಟ್ಟರು, ಬೀಳಲಿಲ್ಲ. ಆಮೇಲೆ ಅದೇ ಅವರ ಕೆಲಸವಾಯಿತು. ಒಮ್ಮೆ ಜ್ವರ ಬಂದು ಮಲಗಿದ್ದಾಗ, ಐದನೇ ಗೋದಾಮಿಗೆ ಬೋನು ಎಂದು ಹಿಂದಿನ ದಿನವೇ ಹೇಳಿದ್ದರು ಎಂಬ ಕಾರಣಕ್ಕೆ, ಕಂಬಳಿ ಹೊದ್ದು ಆಟೋದಲ್ಲಿ ಬಂದು ಇಟ್ಟು ಹೋದರು. ಜಾತ್ರೆಗೆ ಬಂದ ಸರ್ಕಸ್ ನೋಡುವ ಹಾಗೆ ಜನ ಅದನ್ನೂ ನಿಂತು ನೋಡಿದರು.

ನಾನು ಗಮನಿಸಿದ್ದು ಬೇರೆ. ಮೊದಲ ವರ್ಷ ಇಲಿಗಳು ಅವರ ಮಾತಿಗೆ ಉಲ್ಟಾ ನಡೆಯಲಿಲ್ಲ, ಅದರಂತೆಯೂ ನಡೆಯಲಿಲ್ಲ. ಬೋನು ಎಂದರೇನೆಂದು ಅವುಗಳಿಗೆ ಮೊದಲೇ ಗೊತ್ತಿತ್ತು, ಅಷ್ಟೆ. ಎರಡನೆಯ ವರ್ಷ ಅವರು "ಇಲ್ಲಿ ಬೋನು" ಎಂದ ಗೋದಾಮಿನ ನೆಲದ ಮೇಲೆ ಆ ದಿನ ಒಂದು ಹಿಕ್ಕೆಯೂ ಕಾಣುತ್ತಿರಲಿಲ್ಲ. ಮೂರನೆಯ ವರ್ಷ "ಇಲ್ಲಿ ಏನೂ ಇಲ್ಲ" ಎಂದ ಕಡೆ ಇಲಿಗಳು ಹಗಲಿನಲ್ಲೇ, ಮನುಷ್ಯರ ಕಾಲ ಬಳಿಯೇ, ಬಾಡಿಗೆದಾರರ ಹಾಗೆ ಓಡಾಡತೊಡಗಿದವು. ಈ ಸುದ್ದಿಯನ್ನು ನಾನು ಬರೆದೆ. ಸಂಪಾದಕರು ಒಳಪುಟದಲ್ಲಿ ಹಾಕಿದರು.

ನೀಲಗಂಗಾ ಅವರ ಉದ್ದೇಶವೇನೆಂದು ಅದೇ ದಿನಗಳಲ್ಲಿ ಕಾಗದದ ಮೇಲೆ ಬರೆದು ಕೇಳಿದೆ. ಅವರೂ ಬರೆದೇ ಉತ್ತರಿಸಿದರು. ಕಾಲುವೆಯ ಆಚೆ ಪಾಳುಬಿದ್ದ ಇಟ್ಟಿಗೆ ಭಟ್ಟಿ ಇದೆ. ವಾರಕ್ಕೊಮ್ಮೆ ಅಲ್ಲಿಗೆ ನುಚ್ಚು ಹೋಗಬೇಕು, ಊರಿನ ಗೋದಾಮುಗಳಲ್ಲೆಲ್ಲ ವಿಷ ಇಡಬೇಕು, ಎರಡನ್ನೂ ಇಲಿಗಳಿಗೆ ತಿಳಿಸಬೇಕು. ಇಲಿಗಳು ತಿಂದು ಹಾಳುಮಾಡುವುದರ ಮುಂದೆ ನುಚ್ಚಿನ ಖರ್ಚು ಏನೂ ಅಲ್ಲ. ಆದರೆ ಯೋಜನೆಯ ಅವಧಿ ಮುಗಿಯುತ್ತಿದೆ, ಸರ್ಕಾರ ಅನುದಾನ ಮುಂದುವರಿಸಿದರೆ ಮಾತ್ರ ನುಚ್ಚು. "ಈಗಲೇ ಹೇಳಿಬಿಡಿ, ನಿಮ್ಮನ್ನು ನಂಬುತ್ತವಲ್ಲ," ಎಂದು ನಾನು ಬರೆದೆ. ಅವರು ಅದರ ಕೆಳಗೆ ಮೂರೇ ಪದ ಬರೆದರು: "ಒಂದು ಸಲ ನಂಬುತ್ತವೆ."

ಸುಗ್ಗಿ ಹತ್ತಿರವಾದಾಗ ಪರಿಶೀಲನಾ ಸಮಿತಿ ಬಂತು. ಅಧ್ಯಕ್ಷರು ಹಣಕಾಸು ವಿಭಾಗದ ಉಪಕಾರ್ಯದರ್ಶಿ ನರಸೇಗೌಡರು, ದಕ್ಷಿಣದ ಕಡೆಯವರು, ನಗದ ಮನುಷ್ಯ. ಜೊತೆಗೆ ಇಬ್ಬರು ಸದಸ್ಯರು. ತೂಕದ ಕೋಣೆಯಲ್ಲಿ ಮೇಜು ಹಾಕಿತ್ತು, ನಾನು ಹಿಂದಿನ ಬೆಂಚಿನಲ್ಲಿದ್ದೆ. ನಡೆದುಹೋದದ್ದನ್ನು ಬಾಯಲ್ಲಿ ಮಾತಾಡಬಹುದು, ಮುಂದಿನದನ್ನು ಬರೆಯಬೇಕು ಎಂದು ನೀಲಗಂಗಾ ಮೊದಲೇ ಕೇಳಿಕೊಂಡಿದ್ದರು.

"ಡಾಕ್ಟ್ರೇ, ಒಂದೇ ಪ್ರಶ್ನೆ," ಎಂದರು ನರಸೇಗೌಡರು. "ಮೂರು ವರ್ಷದಲ್ಲಿ ಎಷ್ಟು ಇಲಿ ಹಿಡಿದ್ರಿ?"

"ಒಂದೂ ಇಲ್ಲರಿ."

"ಸತ್ತಿದ್ದು?"

"ಎರಡು. ಒಂದು ಬಂಡಿ ಗಾಲಿಗೆ ಸಿಕ್ಕಿತ್ತು. ಇನ್ನೊಂದಕ್ಕ ವಯಸ್ಸಾಗಿತ್ತು."

ಸದಸ್ಯರಿಬ್ಬರೂ ನಕ್ಕರು. ನರಸೇಗೌಡರು ನಗದೆ ಕಾಗದ ಎಳೆದುಕೊಂಡು ಬರೆದರು: ಮೊದಲು ಇಲಿಗಳನ್ನು ಭಟ್ಟಿಗೆ ಹೊರಡಿಸಿ ತೋರಿಸಿ, ಆಮೇಲೆ ಮಂಜೂರಾತಿ. ನೀಲಗಂಗಾ ಕೆಳಗೆ ಬರೆದರು: ಮೊದಲು ಮಂಜೂರಾತಿ, ಕೈಯಲ್ಲಿ ಇಲ್ಲದ ನುಚ್ಚನ್ನು ನಾನು ಹೇಳುವುದಿಲ್ಲ. ಕಾಗದ ಮೇಜಿನ ಆಚೆಗೂ ಈಚೆಗೂ ಹರಿದಾಡಿತು. ಒಂದು ಮಾತು ಹೇಳಿದರೆ ನಿಮ್ಮದೇನು ಹೋಗುತ್ತದೆ ಎಂದು ಅವರು ಬರೆದದ್ದಕ್ಕೆ ಇವರು "ಮೂರು ವರ್ಷ" ಎಂದು ಬರೆದರು. ನರಸೇಗೌಡರು ಪೆನ್ನಿನ ಟೊಪ್ಪಿಗೆ ಹಾಕಿದರು. ಸದಸ್ಯರೊಬ್ಬರು ಚೀಲ ಹುಡುಕತೊಡಗಿದರು. ಯೋಜನೆ ಮುಗಿಯಿತು ಎಂದುಕೊಂಡೆ.

ಆಗ ಹೊರಗೆ ಮೈಕು ಕೇಳಿತು. ಗಂಜಿನ ರಸ್ತೆಯಲ್ಲಿ ಆಟೋ ಬರುತ್ತಿತ್ತು. "ಊರಿನ ಸಮಸ್ತ ಇಲಿಗಳಲ್ಲಿ ವಿನಂತಿ. ಡಾಕ್ಟರ್ ನೀಲಗಂಗಾ ಮೇಡಂ ಅವರು ತಿಳಿಸುವುದೇನೆಂದರೆ, ಇಂದು ಸಂಜೆಯಿಂದ ಕಾಲುವೆ ಆಚೆಯ ಇಟ್ಟಿಗೆ ಭಟ್ಟಿಯಲ್ಲಿ ಇಪ್ಪತ್ತು ಚೀಲ ನುಚ್ಚು ಇಡಲಾಗುವುದು. ಎಲ್ಲಾ ಗೋದಾಮುಗಳಲ್ಲಿ ವಿಷ ಇಡಲಾಗುವುದು. ಸರ್ವರಿಗೂ ಆದರದ ಸ್ವಾಗತ."

ನೀಲಗಂಗಾ ಎದ್ದು ನಿಂತರು. ಅದುವರೆಗೆ ಅವರ ಹೆಸರಿನಲ್ಲಿ ಊರಿನಲ್ಲಿ ಒಂದು ಸುಳ್ಳೂ ಹೊರಟಿರಲಿಲ್ಲ.

ಆಟೋದ ಹಿಂದೆಯೇ ಅಮರಗುಂಡಪ್ಪ ಸಾಹುಕಾರರು ಒಳಗೆ ಬಂದರು. ಗಿರಣಿ ಮಾಲೀಕರ ಸಂಘದ ಅಧ್ಯಕ್ಷರಾಗಿ ಯೋಜನೆಯ ಪ್ರತಿ ಓದಿದ್ದವರು. ಊರಿನ ಅತಿ ದೊಡ್ಡ ಗೋದಾಮು ಅವರದು. ಮುಖದಲ್ಲಿ ಮಗಳ ಮದುವೆ ಮುಗಿಸಿದವರ ಸಮಾಧಾನ.

"ಅಕ್ಕಾರ, ನಿಮ್ಮ ಬಾಯಾಗ ಸುಳ್ಳು ಬರೂದಿಲ್ಲ ಅಂತ ನನಗ ಗೊತ್ತೈತಿ," ಎಂದರು. "ಅದಕ್ಕ ಬಾಡಿಗಿ ಬಾಯಿ ತಂದೇನಿ. ಸಾಹೇಬ್ರು ಇದ್ದಾಗನ ಕೆಲಸ ಆಗಿಬಿಡ್ಲಿ."

"ನುಚ್ಚು ಎಲ್ಲೈತ್ರಿ, ಸಾವ್ಕಾರ್ರ?"

"ಯಾವ ನುಚ್ಚು?"

"ನನ್ನ ಹೆಸರಿಲೆ ನೀವು ಕೊಟ್ಟ ನುಚ್ಚು."

"ಅದು ಮಾತಿಗೆ ಹೇಳಿದ್ದಲ್ರೀ."

"ಮಾತಿಗೇ ಕೇಳಾಕತ್ತೀನಿ."

ಸಾಹುಕಾರರು ನರಸೇಗೌಡರ ಕಡೆ ನೋಡಿ ನಕ್ಕು, ಉತ್ಸಾಹದಲ್ಲಿ ಮುಂದುವರಿಸಿದರು: "ನುಚ್ಚು ಯಾಕ ಬೇಕ್ರಿ? ಅವು ಒಮ್ಮಿ ಒಳಗ ಹೋಗ್ಲಿ. ಭಟ್ಟಿ ಬಾಯಿಗೆ ಬೆಂಕಿ ಹಚ್ಚಿಬಿಡೂಣು."

ನೆತ್ತಿಯ ಮೇಲೆ ಹಂಚಿನಡಿ ಏನೋ ಸರಿಯಿತು. ಮೊದಲು ಒಂದು, ಆಮೇಲೆ ಹಲವು, ಸಣ್ಣ ಉಗುರುಗಳ ಸದ್ದು ಸೂರಿನುದ್ದಕ್ಕೂ ಓಡಿ ಹೊರಗೆ ಇಳಿಯಿತು. ಕಿಟಕಿಯಿಂದ ಕಂಡಿತು, ಅವು ಹೊರಟದ್ದು ಸಾಹುಕಾರರ ಗೋದಾಮಿನ ಕಡೆಗೆ. ಹುಟ್ಟಿದಾಗಿನಿಂದ ಈ ಊರಿನಲ್ಲಿದ್ದ ಮನುಷ್ಯ ತಾನು ಮಾಡಿದ್ದೇನೆಂದು ತಿಳಿದು ಬಾಯಿಯ ಮೇಲೆ ಕೈ ಇಟ್ಟುಕೊಂಡ. ಜೀವಮಾನವಿಡೀ ಗಟ್ಟಿಯಾಗಿ ಸುಳ್ಳು ಹೇಳಿ ರೂಢಿಯಾದವರಿಗೆ ಬಾಯಿಂದ ನಿಜ ಬಿದ್ದದ್ದು ತಕ್ಷಣ ತಿಳಿಯುವುದಿಲ್ಲ.

"ಸಾವ್ಕಾರ್ರ," ಎಂದರು ನೀಲಗಂಗಾ, ದನಿ ಏರಿಸದೆ. "ಸಂಜಿಗೆ ನಾ ಕಟ್ಟಿ ಮ್ಯಾಲೆ ನಿಂತು ಖರೇ ಹೇಳಾಕಬೇಕು. ಯಾವ ಖರೇ ಹೇಳ್ಲಿ? 'ಅದು ಸುಳ್ಳು, ಬೆಂಕಿ ಹಚ್ಚಾವ್ರಿದ್ರು' ಅಂತ ಹೇಳ್ಲೋ, 'ನುಚ್ಚು ಬಂದೈತಿ, ನಾ ನೋಡಿ ಬಂದೀನಿ' ಅಂತ ಹೇಳ್ಲೋ? ಅದು ನಿಮ್ಮ ಕೈಯಾಗ ಐತಿ."

ಸಾಹುಕಾರರು ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಗೋಡಿದರು. ಸ್ವಲ್ಪ ಹೊತ್ತಿಗೆ ಅವರ ಗಿರಣಿಯ ಟ್ರ್ಯಾಕ್ಟರ್ ಚೀಲ ಹೇರಿಕೊಂಡು ಕಾಲುವೆಯ ಕಡೆ ಹೋದದ್ದನ್ನು ನಾವೆಲ್ಲ ನೋಡಿದೆವು.

"ಅದು ಈ ವಾರದ್ದಾಯ್ತು," ಎಂದು ನೀಲಗಂಗಾ ಕಾಗದವನ್ನು ಮತ್ತೆ ಮುಂದೆ ತಳ್ಳಿದರು. "ಮುಂದಿಂದು?"

ನರಸೇಗೌಡರು ಆ ಕಾಗದವನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಬರೆಯದೆ, ಬಾಯಿಬಿಟ್ಟೇ ಮಾತಾಡಿದರು. "ನನ್ನ ಮೇಜಿನ ಮುಂದೆ ಬಂದು ಕೂತೋರೆಲ್ಲ ಫಲಿತಾಂಶ ಖಂಡಿತ ಸಾರ್ ಅಂದ್ರು. ಕೊಟ್ಕೊಂಡ್ ಬಂದೆ. ಒಂದ್ ಸುಳ್ಳು ಹೇಳಿದ್ರೆ ಕೆಲಸ ಆಗೋ ಕಡೆ ಹೇಳಲ್ಲ ಅಂದಿದ್ದು ನೀವೊಬ್ರೇ." ಪೆನ್ನು ತೆಗೆದು ಮಂಜೂರಾತಿಗೆ ಸಹಿ ಹಾಕಿ, ಕೆಳಗೆ ಒಂದು ಸಾಲು ಸೇರಿಸಿದರು. "ಮುಂದಿನ ವರ್ಷದ ಸುಗ್ಗಿವರೆಗೆ ಮಾತ್ರ. ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ ಡಾಕ್ಟ್ರೇ."

"ಅಷ್ಟ ಹೇಳ್ತೀನ್ರಿ."

ಸಂಜೆ ಕಟ್ಟೆಯ ಸುತ್ತ ಊರೇ ನೆರೆದಿತ್ತು. ನೀಲಗಂಗಾ ಭಟ್ಟಿಗೆ ಹೋಗಿ, ಚೀಲಗಳನ್ನು ಬಿಚ್ಚಿ, ಕೈ ಹಾಕಿ ನೋಡಿ ಬಂದಿದ್ದರು. ಸೆರಗಿಗೆ ನುಚ್ಚಿನ ಹಿಟ್ಟು ಅಂಟಿತ್ತು. ಎಂದಿನ ದನಿಯಲ್ಲೇ ಹೇಳಿದರು: "ಮುಂಜಾನೆ ಮೈಕಿನ್ಯಾಗ ನನ್ನ ಹೆಸರಿಲೆ ಬಂದ ಮಾತು ನಾ ಹೇಳಿದ್ದಲ್ಲ. ಆಗ ಅದು ಸುಳ್ಳಿತ್ತು. ಈಗ ಖರೇ ಆಗೇತಿ. ಭಟ್ಟ್ಯಾಗ ನುಚ್ಚು ಐತಿ, ನಾ ಕೈಲೆ ಮುಟ್ಟಿ ಬಂದೀನಿ. ವಾರಕ್ಕೊಮ್ಮಿ ಬರತೈತಿ. ಬರೂ ವರ್ಷದ ಸುಗ್ಗಿತನಕ. ಅದರಾಚಿಗೆ ಏನಂತ ನನಗೂ ಗೊತ್ತಿಲ್ಲ. ಅಲ್ಲಿ ಬೋನಿಲ್ಲ, ಬೆಂಕಿ ಇಲ್ಲ. ಬೆಂಕಿ ತಂದಾವ್ರು ನನ್ನ ದಾಟಿ ಬರಬೇಕು. ನಾಳಿ ಸೂರ್ಯಾ ಹುಟ್ಟೂದ್ರಾಗ ಈ ಕಡೆ ಎಲ್ಲಾ ಗೋದಾಮಿನ್ಯಾಗ ವಿಷ ಇಡ್ತೀನಿ. ಇಷ್ಟ."

ಮೊದಲು ಏನೂ ಆಗಲಿಲ್ಲ. ಚಹಾದಂಗಡಿಯ ಸ್ಟೋವಿನ ಸದ್ದಷ್ಟೇ ಇತ್ತು. ಆಮೇಲೆ ಎರಡನೇ ಗೋದಾಮಿನ ಬಾಗಿಲ ಸಂದಿನಿಂದ ಒಂದು ದೊಡ್ಡ ಹೆಗ್ಗಣ ಹೊರಬಂತು. ಕಟ್ಟೆಯ ಬಳಿ ನಿಂತು, ಮೂಗು ಎತ್ತಿ, ನೀಲಗಂಗಾ ಅವರ ಸೆರಗಿನ ಕಡೆ ನೋಡಿತು. ನುಚ್ಚಿನ ವಾಸನೆ ಹಿಡಿಯಿತೋ ಏನೋ. ಕಾಲುವೆಯ ದಾರಿ ಹಿಡಿದು ಹೊರಟಿತು. ಅದರ ಹಿಂದೆ ಎಲ್ಲ ಬಾಗಿಲುಗಳಿಂದ, ಮೋರಿಗಳಿಂದ, ಹಂಚಿನ ಅಂಚಿನಿಂದ, ಗಂಜಿನ ಬೇವಿನ ಮರದ ಬುಡದಿಂದ ಇಲಿಗಳು ಇಳಿದವು. ಓಡಲಿಲ್ಲ. ಸಂತೆ ಮುಗಿಸಿ ಮನೆಗೆ ಹೊರಟ ಜನರಂತೆ, ತಾಯಿ ಇಲಿಗಳು ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು, ರಸ್ತೆಯ ತುಂಬ ನಡೆದವು. ಜನ ಇಬ್ಬದಿಗೆ ಸರಿದು ದಾರಿ ಬಿಟ್ಟರು. ಹೆಂಗಸರು ಸೀರೆಯ ನಿರಿಗೆ ಎತ್ತಿ ಹಿಡಿದರು. ಒಬ್ಬನ ಕೈಯಲ್ಲಿ ಬಡಿಗೆ ಇತ್ತು, ಪಕ್ಕದವನು ಅದನ್ನು ಮೆಲ್ಲಗೆ ಇಸಿದುಕೊಂಡ. ಕಾಲುವೆಯ ಸೇತುವೆಯ ಮೇಲೆ ಕಪ್ಪು ಚಾಪೆಯೊಂದನ್ನು ಎಳೆದುಕೊಂಡು ಹೋದ ಹಾಗೆ ಕಾಣುತ್ತಿತ್ತು. ನರಸೇಗೌಡರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಕೊನೆಯ ಇಲಿ ಸೇತುವೆ ದಾಟಿದ ಮೇಲೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಮರಗುಂಡಪ್ಪ ಸಾಹುಕಾರರು ಬರಿಗಾಲಲ್ಲಿ ತಮ್ಮ ಗೋದಾಮಿಗೆ ಹೋಗಿ, ಬಾಗಿಲು ತೆರೆದು, ಒಳಗಿನ ನಿಶ್ಶಬ್ದವನ್ನು ಕೇಳುತ್ತ ನಿಂತರು. ತಂದೆಯ ಕಾಲದಿಂದಲೂ ಅಲ್ಲಿ ಅಂಥ ನಿಶ್ಶಬ್ದ ಇರಲಿಲ್ಲ.

ಬೆಳಗ್ಗೆ ನೀಲಗಂಗಾ ಹೇಳಿದಂತೆ ವಿಷ ಇಟ್ಟರು. ಅದನ್ನು ಮುಟ್ಟಲು ಅಲ್ಲಿ ಯಾರೂ ಇರಲಿಲ್ಲ. ಸುಗ್ಗಿಯ ಭತ್ತ ಬಂತು, ಗೋದಾಮು ಸೇರಿತು. ಯುಗಾದಿಗೆ ಎತ್ತಿದ ಚೀಲಗಳು ಇಟ್ಟಾಗಿನ ತೂಕಕ್ಕೇ ತೂಗಿದವು. ತೂಕದವನು ನಂಬದೆ ತಕ್ಕಡಿಯನ್ನೇ ಬದಲಿಸಿ ನೋಡಿದ. ಆ ಸುದ್ದಿ ಮುಖಪುಟದಲ್ಲಿ ಬಂತು. ಯೋಜನೆಯ ಹೆಸರಿನಲ್ಲಿ "ಇತರ ಪೀಡಕ ಪ್ರಾಣಿಗಳು" ಎಂದೂ ಇದ್ದುದರಿಂದ ಹಂದಿ ಕಾಟದ ಹಳ್ಳಿಗಳವರು ಟೆಂಪೊ ಮಾಡಿಕೊಂಡು ಬಂದು ನೀಲಗಂಗಾ ಅವರನ್ನು ಕರೆದರು. "ಹಂದಿಗೆ ಮಾತು ತಿಳೀತೈತೋ ಇಲ್ಲೋ ಮೊದಲ ನೋಡ್ಬೇಕು," ಎಂದರು ಅವರು.

ಆದರೆ ನನ್ನ ಲೆಕ್ಕದಲ್ಲಿ ಗೆಲುವಿನ ದಿನ ಅದಲ್ಲ. ಮರುವರ್ಷ ಸುಗ್ಗಿ ಬಂತು, ಅನುದಾನ ಮುಂದುವರಿಸುವ ಆದೇಶ ಬರಲಿಲ್ಲ. ಕಡತ ಹಣಕಾಸು ವಿಭಾಗದಲ್ಲಿದೆ ಎಂಬ ಉತ್ತರವೊಂದೇ ಬಂತು. ಭಟ್ಟಿಯಲ್ಲಿ ನುಚ್ಚು ಮುಗಿಯಿತು. ಸಂಜೆ ನೀಲಗಂಗಾ ಸೇತುವೆ ದಾಟಿದರು, ನಾನೂ ಹಿಂದೆ ಹೋದೆ. ಭಟ್ಟಿಯ ಬಾಯಿಯ ಮುಂದೆ ನಿಂತು ಅವರು ಹೇಳಿದರು: "ಸುಗ್ಗಿತನಕ ಅಂದಿದ್ದೆ. ಸುಗ್ಗಿ ಬಂತು. ನುಚ್ಚು ಮುಗದೈತಿ, ಆದೇಶ ಬಂದಿಲ್ಲ. ಬರತೈತೋ ಇಲ್ಲೋ ನನಗ ಗೊತ್ತಿಲ್ಲ. ಗೊತ್ತಾದ ದಿನ ಬಂದು ಹೇಳ್ತೀನಿ." ಒಳಗಿನ ಕತ್ತಲಲ್ಲಿ ಕಣ್ಣುಗಳು ಮಿನುಗುತ್ತಿದ್ದವು. ಹಸಿದ ಪ್ರಾಣಿಗಳು, ಕಾಲುವೆಯ ಈಚೆ ತುಂಬಿದ ಗೋದಾಮುಗಳು, ನಡುವೆ ಒಂದು ಸೇತುವೆ.

ಊರಿನವರು ಸೇತುವೆಯ ಬಳಿ ಬಡಿಗೆ ಹಿಡಿದು ಕಾದರು. ಒಂದು ಇಲಿಯೂ ದಾಟಲಿಲ್ಲ. ಮರುದಿನವೂ ದಾಟಲಿಲ್ಲ. ಮೂರನೆಯ ದಿನ ಅಮರಗುಂಡಪ್ಪ ಸಾಹುಕಾರರು ಬಡಿಗೆ ಬಿಸಾಕಿ, "ಸರ್ಕಾರದ ಆದೇಶಕ್ಕ ನಾವ ಇಷ್ಟು ಕಾದಿಲ್ಲೋ ಮಾರಾಯಾ," ಎನ್ನುತ್ತ ಗಿರಣಿಗೆ ಹೋದರು. ಟ್ರ್ಯಾಕ್ಟರ್ ಹೊರಟಿತು. ಅದರ ಹಿಂದೆ ಹೆಂಗಸರು ಬುಟ್ಟಿಗಳಲ್ಲಿ ಹೊರಟರು. ನಮ್ಮ ಅವ್ವ ಒಂದು ಸೇರು ನುಚ್ಚು ಹೊತ್ತು, ದಾರಿಯುದ್ದಕ್ಕೂ ಇಲಿಗಳನ್ನು ಬೈಯುತ್ತ ಹೋಗಿ ಸುರಿದು ಬಂದಳು. ಆದೇಶ ಆಮೇಲೆ ಬಂತು, ಈ ಸಲ ಐದು ವರ್ಷಕ್ಕೆ. ಕಡತದಲ್ಲಿ ನರಸೇಗೌಡರು ಬರೆದ ಟಿಪ್ಪಣಿಯನ್ನು ನಾನು ನೋಡಿದ್ದೇನೆ: ಫಲಾನುಭವಿಗಳು ತಾಳ್ಮೆಯಿಂದ ಸಹಕರಿಸಿದ್ದಾರೆ. ನೀಲಗಂಗಾ ಅದನ್ನು ಭಟ್ಟಿಗೆ ಹೋಗಿ ಓದಿ ಹೇಳಿದರು.

ಆ ಸಂಜೆ ಅವ್ವ ದೀಪ ಹಚ್ಚಿ, ರೂಢಿಯಂತೆ ಅಡುಗೆಮನೆಯ ನಡುವೆ ನಿಂತು ಸೂರಿನ ಕಡೆ ಮುಖ ಎತ್ತಿದಳು. ಬಾಯಿ ತೆರೆದವಳು ಕೊಂಚ ತಡೆದಳು. ಆಮೇಲೆ ಹೇಳಿದಳು: "ರೊಟ್ಟಿ ನೆಲುವಿನ ಮ್ಯಾಲೆ ಅದಾವ. ಬೆಕ್ಕಿಲ್ಲ. ಎಂದೂ ಇದ್ದಿಲ್ಲ."

"ಯವ್ವಾ, ಕೇಳಾವ್ರು ಯಾರೂ ಇಲ್ಲಲ್ಲ," ಎಂದೆ.

"ಇರ್ಲಿ," ಎಂದಳು ಅವ್ವ. "ಬಾಯಿಗೆ ರೂಢಿ ಆಗ್ಲಿ."